ಫಸಲಿನ ಅಂದಾಜು ಬಲ್ಲವರಿಗೆ ಕನ್ಸಲ್ಟಿಂಗ್ ಏಕೆ ದೂರ?

ಮಲೆನಾಡಿನ ದೊಡ್ಡ ಕಾಫಿ ಎಸ್ಟೇಟುಗಳಿಗೆ ವರ್ಷದಲ್ಲಿ ಕೆಲವು ಸಲ ಹೊರಗಿನವರೊಬ್ಬರು ಬಂದು ಹೋಗುವ ಪದ್ಧತಿ ಬ್ರಿಟಿಷರ ಕಾಲದಿಂದ ಇದೆ. ಅವರು ಮಾಲೀಕರಲ್ಲ, ಮ್ಯಾನೇಜರೂ ಅಲ್ಲ. ಬ್ಲಾಕಿನಿಂದ ಬ್ಲಾಕಿಗೆ ನಡೆದು ಮರಗಸಿ ಹದವಾಗಿದೆಯೇ, ಬೋರರ್ ಹಿಡಿದ ಗಿಡಗಳನ್ನು ಕಿತ್ತು ಸುಟ್ಟಿದ್ದಾರೆಯೇ, ಗೊಬ್ಬರ ಲೆಕ್ಕದ ಪ್ರಕಾರ ಬುಡಕ್ಕೆ ಬಿದ್ದಿದೆಯೇ ಎಂದು ನೋಡುತ್ತಾರೆ. ರೈಟರ ಪಕ್ಕ ಕೂತು ಆಳುಗಳ ಹಾಜರಿಯ ಚೆಕ್‌ರೋಲ್ ತಿರುವುತ್ತಾರೆ. ಕೊನೆಗೆ, ಈ ಸಲ ಎಷ್ಟು ಫಸಲು ಬರಬಹುದು, ಖರ್ಚು ಎಲ್ಲಿ ಸೋರುತ್ತಿದೆ, ಮುಂದಿನ ವರ್ಷ ಏನು ಮಾಡಬೇಕು ಎಂದು ಮಾಲೀಕರಿಗೆ ವರದಿ ಬರೆಯುತ್ತಾರೆ. ಮಾಲೀಕರು ಕಡಲಾಚೆಯೋ ಮದ್ರಾಸಿನಲ್ಲೋ ಇರುತ್ತಿದ್ದ ಕಾಲದಲ್ಲಿ ಹುಟ್ಟಿಕೊಂಡ ಈ ಕೆಲಸಕ್ಕೆ ವಿಸಿಟಿಂಗ್ ಏಜೆಂಟ್ ಎಂದು ಹೆಸರು.

ಗುರುಗ್ರಾಮ, ಮುಂಬೈ, ಬೆಂಗಳೂರಿನ ಗಾಜಿನ ಕಟ್ಟಡಗಳಲ್ಲಿ ಕುಳಿತ ಮ್ಯಾನೇಜ್‌ಮೆಂಟ್ ಕನ್ಸಲ್ಟೆಂಟರು ಮಾಡುವುದೂ ಮೂಲದಲ್ಲಿ ಇದೇ ಕೆಲಸ. ಕಂಪನಿಯೊಂದರ ಲಾಭ ಕುಸಿದಿದೆ, ಹೊಸ ಊರಿನಲ್ಲಿ ಅಂಗಡಿ ತೆರೆಯಬೇಕೋ ಬೇಡವೋ ತಿಳಿಯುತ್ತಿಲ್ಲ, ಕಾರ್ಖಾನೆ ಮುಚ್ಚಬೇಕೋ ಉಳಿಸಬೇಕೋ ಎಂಬ ಗೊಂದಲವಿದೆ. ಆಗ ಹೊರಗಿನಿಂದ ಒಂದು ತಂಡ ಬಂದು ಲೆಕ್ಕ ನೋಡಿ, ಜನರನ್ನು ಮಾತನಾಡಿಸಿ, ಹೀಗೆ ಮಾಡಿ ಎಂದು ಹೇಳಿ ಹೋಗುತ್ತದೆ. ಮೆಕಿನ್ಸೆ 1926ರಲ್ಲಿ ಶಿಕಾಗೋದಲ್ಲಿ, ಬಾಸ್ಟನ್ ಕನ್ಸಲ್ಟಿಂಗ್ ಗ್ರೂಪ್ 1963ರಲ್ಲಿ, ಬೇನ್ 1973ರಲ್ಲಿ ಹುಟ್ಟಿದವು. 1990ರ ದಶಕದಲ್ಲಿ ಭಾರತದ ಮಾರುಕಟ್ಟೆ ತೆರೆದುಕೊಂಡ ಮೇಲೆ ಇಂಥ ಕಂಪನಿಗಳು ಇಲ್ಲಿ ಬೇರುಬಿಟ್ಟವು. ಬೆಂಗಳೂರಿನ ಐಐಎಂನಿಂದ ಪ್ರತಿವರ್ಷ ಅತಿ ಹೆಚ್ಚು ವಿದ್ಯಾರ್ಥಿಗಳನ್ನು ಎತ್ತಿಕೊಂಡು ಹೋಗುವ ಕ್ಷೇತ್ರಗಳಲ್ಲಿ ಕನ್ಸಲ್ಟಿಂಗ್ ಮುಂಚೂಣಿಯಲ್ಲಿದೆ.

ಆದರೆ ಹೊರನಾಡು, ಕಳಸ, ಮೂಡಿಗೆರೆ ಕಡೆಯ ಮನೆಗಳಲ್ಲಿ ಮಕ್ಕಳ ಮುಂದಿನ ಓದಿನ ಮಾತು ಬಂದಾಗ ಈ ಉದ್ಯೋಗದ ಹೆಸರೇ ಬರುವುದಿಲ್ಲ. ಎಂಜಿನಿಯರಿಂಗ್, ನರ್ಸಿಂಗ್, ಬಿ.ಇಡಿ., ಬ್ಯಾಂಕ್ ಪರೀಕ್ಷೆ, ಇಲ್ಲವೇ ಬೆಂಗಳೂರಿನ ಐಟಿ, ಇಷ್ಟರಲ್ಲಿ ಪಟ್ಟಿ ಮುಗಿಯುತ್ತದೆ. ಈ ಗುಡ್ಡಗಳ ಮಕ್ಕಳಿಗೆ ಆ ಕೆಲಸಕ್ಕೆ ಬೇಕಾದ ಬುದ್ಧಿ ಇಲ್ಲವೆಂದಲ್ಲ. ಬುದ್ಧಿ ಮನೆಯಲ್ಲೇ ಇದೆ, ದಾರಿ ತೋರಿಸುವವರಿಲ್ಲ.

ಕನ್ಸಲ್ಟಿಂಗ್ ಕಂಪನಿಗಳ ಸಂದರ್ಶನ ಬೇರೆ ಸಂದರ್ಶನಗಳಂತಲ್ಲ. ನಿಮ್ಮ ಬಲವೇನು, ದೌರ್ಬಲ್ಯವೇನು ಎಂದು ಕೇಳಿ ಕಳುಹಿಸುವುದಿಲ್ಲ. ಅರ್ಧ ಮುಕ್ಕಾಲು ಗಂಟೆ ಒಂದು ಸಮಸ್ಯೆ ಮುಂದಿಟ್ಟು, ಅಭ್ಯರ್ಥಿ ಅದನ್ನು ಹೇಗೆ ಬಿಡಿಸುತ್ತಾನೆ ಎಂದು ನೋಡುತ್ತಾರೆ. ಇದಕ್ಕೆ ಕೇಸ್ ಇಂಟರ್‌ವ್ಯೂ ಎನ್ನುತ್ತಾರೆ. ಅದರಲ್ಲಿ ಒಂದು ಬಗೆ ಗೆಸ್ಟಿಮೇಟ್. ಬೆಂಗಳೂರಿನಲ್ಲಿ ದಿನಕ್ಕೆ ಎಷ್ಟು ಲೋಟ ಕಾಫಿ ಮಾರಾಟವಾಗುತ್ತದೆ ಎಂದು ಕೇಳುತ್ತಾರೆ. ಸರಿಯುತ್ತರ ಕೇಳಿದವರಿಗೂ ಗೊತ್ತಿರುವುದಿಲ್ಲ. ನಗರದಲ್ಲಿ 1.4 ಕೋಟಿ ಜನ ಎಂದಿಟ್ಟುಕೊಂಡು, ಮಕ್ಕಳನ್ನು ಬಿಟ್ಟರೆ 1 ಕೋಟಿ, ಅವರಲ್ಲಿ ಹೊರಗೆ ಕಾಫಿ ಕುಡಿಯುವವರು ನಾಲ್ಕರಲ್ಲೊಬ್ಬರು ಎಂದರೆ 25 ಲಕ್ಷ, ತಲಾ ಒಂದೂವರೆ ಲೋಟದಂತೆ ಮೂವತ್ತೇಳೂವರೆ ಲಕ್ಷ ಎಂದು ಹಂತಹಂತವಾಗಿ ಬರಬೇಕು. ಆಮೇಲೆ ದರ್ಶಿನಿಗಳ ಸಂಖ್ಯೆ, ಒಂದೊಂದರ ವ್ಯಾಪಾರ ಹಿಡಿದು ಇನ್ನೊಂದು ದಿಕ್ಕಿನಿಂದ ತಾಳೆ ನೋಡಬೇಕು. ಉತ್ತರಕ್ಕಿಂತ ಅಲ್ಲಿಗೆ ತಲುಪಿದ ಬಗೆಗೆ ಅಂಕ.

ಇದು ನಗರದ ಇಂಗ್ಲಿಷ್ ಶಾಲೆಯ ಮಕ್ಕಳಿಗೆ ಮಾತ್ರ ಒಲಿಯುವ ವಿದ್ಯೆ ಎಂದು ಯಾರಾದರೂ ತಿಳಿದಿದ್ದರೆ, ಮಳೆಗಾಲದ ಕೊನೆಯಲ್ಲಿ ಕಳಸದ ಕಡೆಯ ಯಾವುದಾದರೂ ರೋಬಸ್ಟಾ ತೋಟಕ್ಕೆ ಹೋಗಿ ಫಸಲಿನ ಅಂದಾಜು ಹಾಕುವುದನ್ನು ನೋಡಬೇಕು. ಎಕರೆ ಎಂದರೆ 43,560 ಚದರ ಅಡಿ. ಹತ್ತಡಿಗೆ ಹತ್ತಡಿಯಂತೆ ನೆಟ್ಟರೆ ಎಕರೆಗೆ 435 ಗಿಡ. ಸತ್ತದ್ದು, ಹೊಸದಾಗಿ ಇಟ್ಟದ್ದು ಕಳೆದರೆ ಕಾಯಿ ಬಿಡುವ ಗಿಡ 400 ಎಂದಿಟ್ಟುಕೊಳ್ಳಿ. ಬ್ಲಾಕಿನ ಅಲ್ಲಲ್ಲಿ ಕೆಲವು ಗಿಡ ಆರಿಸಿ, ಕಾಯಿ ಹಿಡಿದ ರೆಕ್ಕೆ ಎಷ್ಟು, ಒಂದೊಂದು ಗೆಣ್ಣಿನಲ್ಲಿ ಕಾಯಿ ಎಷ್ಟು ಎಂದು ಎಣಿಸಿ, ಗಿಡಕ್ಕೆ ಸರಾಸರಿ 5 ಕೆಜಿ ಹಣ್ಣು ಬರಬಹುದು ಎಂದು ಲೆಕ್ಕ ಕಟ್ಟುತ್ತಾರೆ. ಎಕರೆಗೆ 2,000 ಕೆಜಿ ಹಣ್ಣು. ಕಣದಲ್ಲಿ ಒಣಗಿದಾಗ ಅದರ ಶೇ 45ರಷ್ಟು ಉಳಿದರೆ 900 ಕೆಜಿ ಚೆರಿ, ಅಂದರೆ 50 ಕೆಜಿಯ 18 ಚೀಲ. ಔಟ್‌ಟರ್ನ್, ಅಂದರೆ ಚೀಲಕ್ಕೆ ಸಿಗುವ ಬೇಳೆ, 26 ಕೆಜಿ ಬಂದರೆ ಒಟ್ಟು ಬೇಳೆ 468 ಕೆಜಿ. ಇನ್ನು ಕಳೆದ ವರ್ಷದ ಚೀಲಗಳ ಲೆಕ್ಕದೊಂದಿಗೆ ತಾಳೆ ಹಾಕುತ್ತಾರೆ. ಹೂಮಳೆ ತಡವಾಗಿತ್ತೇ, ಅದರ ಬಳಿಕದ ಬ್ಯಾಕಿಂಗ್ ಮಳೆ ಬಂತೇ ಎಂದು ನೋಡಿ ಅಂಕಿಯನ್ನು ಒಂದಿಷ್ಟು ಇಳಿಸುತ್ತಾರೆ ಇಲ್ಲವೇ ಏರಿಸುತ್ತಾರೆ. ಗೊತ್ತಿಲ್ಲದ ದೊಡ್ಡ ಅಂಕಿಯನ್ನು ಗೊತ್ತಿರುವ ಸಣ್ಣ ಅಂಕಿಗಳಾಗಿ ಒಡೆಯುವುದು, ಊಹೆಯನ್ನು ಊಹೆಯೆಂದೇ ಹೇಳುವುದು, ಎರಡು ದಿಕ್ಕಿನಿಂದ ಪರೀಕ್ಷಿಸುವುದು. ಗೆಸ್ಟಿಮೇಟಿನಲ್ಲಿ ಇದಕ್ಕಿಂತ ಹೆಚ್ಚಿನದೇನೂ ಇಲ್ಲ. ಕಾಲೇಜು ಓದುವ ಮಗನೋ ಮಗಳೋ ಇದನ್ನು ಅಪ್ಪನ ಜೊತೆ ಮಾಡಿದ್ದಾರೆ. ಅದು ಒಂದು ವಿದ್ಯೆಯೆಂದು, ಅದಕ್ಕೆ ಸಂಬಳ ಸಿಗುತ್ತದೆಂದು ಯಾರೂ ಅವರಿಗೆ ಹೇಳಿಲ್ಲ.

ಎರಡನೇ ಬಗೆಯ ಪ್ರಶ್ನೆ ಲಾಭ ನಷ್ಟದ್ದು. ಅದನ್ನೂ ಇಲ್ಲಿನ ನೆಲದಲ್ಲೇ ಇಟ್ಟು ನೋಡಬಹುದು. ರೋಬಸ್ಟಾ ಚೆರಿಯ ಬೆಲೆ 2024ರ ಏಪ್ರಿಲ್ ಹೊತ್ತಿಗೆ 50 ಕೆಜಿ ಚೀಲಕ್ಕೆ 10 ಸಾವಿರ ರೂಪಾಯಿ ದಾಟಿತು. ಮೂರು ವರ್ಷ ಹಿಂದೆ ಅದರ ಅರ್ಧವೂ ಇರಲಿಲ್ಲ. ಮೂಡಿಗೆರೆಯ ಬೆಳೆಗಾರರೊಬ್ಬರ ಫಸಲು ಕಡಿಮೆಯಾಗಿಲ್ಲ, ಬೆಲೆ ದುಪ್ಪಟ್ಟಾಗಿದೆ, ಆದರೂ ಕೈಯಲ್ಲಿ ಉಳಿದದ್ದು ಹೆಚ್ಚಿಲ್ಲ ಎಂದಿಟ್ಟುಕೊಳ್ಳೋಣ. ಏಕೆ? ಅವಸರದ ಅಭ್ಯರ್ಥಿ ಕೂಲಿ ಏರಿದೆ, ಗೊಬ್ಬರ ಏರಿದೆ ಎಂದು ಶುರುಮಾಡುತ್ತಾನೆ. ಒಳ್ಳೆಯ ಅಭ್ಯರ್ಥಿ ಮೊದಲು ಒಂದು ಪ್ರಶ್ನೆ ಕೇಳುತ್ತಾಳೆ: ಮಾರಿದ್ದು ಯಾವಾಗ? ಕೊಯ್ಲಿನ ಕೂಲಿ ಕೊಡಲು ಹಣ ಬೇಕಾಗಿ ಜನವರಿಯಲ್ಲೇ ಕಣದಿಂದ ಮಾರಿದ್ದರೆ, ಏಪ್ರಿಲ್ಲಿನ ಬೆಲೆ ಪತ್ರಿಕೆಯಲ್ಲಿ ಓದಲು ಮಾತ್ರ ಸಿಕ್ಕಿತು. ಹಾಗಾದರೆ ರೋಗ ಖರ್ಚಿನದಲ್ಲ, ಕೈಗೆ ಹಣ ಸಿಗುವ ಸಮಯದ್ದು. ಮದ್ದೂ ಬೇರೆಯಾಗುತ್ತದೆ: ಆಳು ಕಡಿಮೆ ಮಾಡುವುದಲ್ಲ, ಕ್ಯೂರಿಂಗ್ ವರ್ಕ್ಸ್‌ನಲ್ಲಿ ದಾಸ್ತಾನಿಟ್ಟು ಅದರ ಮೇಲೆ ಬ್ಯಾಂಕ್ ಸಾಲ ಎತ್ತಿ, ಸ್ವಲ್ಪ ಸ್ವಲ್ಪವಾಗಿ ಮಾರುವುದು. ಸಮಸ್ಯೆಯನ್ನು ಆದಾಯ, ಖರ್ಚು, ಸಮಯ ಎಂದು ಒಂದರೊಳಗೊಂದು ಸೇರದಂತೆ, ಯಾವುದೂ ಬಿಟ್ಟುಹೋಗದಂತೆ ಸೀಳುವ ಈ ಕ್ರಮವನ್ನು ಮೆಕಿನ್ಸೆಯಲ್ಲಿದ್ದ ಬಾರ್ಬರಾ ಮಿಂಟೊ 1960ರ ದಶಕದಲ್ಲಿ ರೂಪಿಸಿದರು. ಇಂದು ಕನ್ಸಲ್ಟಿಂಗ್ ಕಂಪನಿಗಳು ಹೊಸಬರಿಗೆ ಕಲಿಸುವ ಮೊದಲ ಪಾಠಗಳಲ್ಲಿ ಅದೂ ಒಂದು. ಮಿಂಟೊ ಹೇಳಿದ ಇನ್ನೊಂದು ಮಾತೂ ಮುಖ್ಯ: ಉತ್ತರ ಮೊದಲು, ಕಾರಣ ಆಮೇಲೆ. ಮಲೆನಾಡಿನ ಮಾತುಕತೆ ಮಳೆ, ಆರೋಗ್ಯ, ನೆಂಟರಿಷ್ಟರನ್ನು ಸುತ್ತಿ ನಿಧಾನವಾಗಿ ವಿಷಯಕ್ಕೆ ಬರುತ್ತದೆ. ಸಂದರ್ಶನದ ಕೋಣೆಯಲ್ಲಿ ಅದನ್ನು ತಿರುಗಿಸಿ ಹೇಳಬೇಕು. ಇದು ಅಭ್ಯಾಸದ ಮಾತು, ಕೆಲವು ತಿಂಗಳಲ್ಲಿ ಕೂಡಿಬರುವಂಥದ್ದು.

ಹಾಗಾದರೆ ಅಡ್ಡಿ ಎಲ್ಲಿದೆ? ಬಾಗಿಲಲ್ಲಿದೆ.

ದೊಡ್ಡ ಕನ್ಸಲ್ಟಿಂಗ್ ಕಂಪನಿಗಳು ಹೊಸಬರನ್ನು ಆರಿಸುವುದು ಕೆಲವೇ ಕ್ಯಾಂಪಸ್ಸುಗಳಿಂದ: ಹಳೆಯ ಐಐಎಂಗಳು, ಐಐಟಿಗಳು, ದೆಹಲಿಯ ಬೆರಳೆಣಿಕೆಯ ಕಾಲೇಜುಗಳು. ಅಲ್ಲಿಯೂ ಮೊದಲು ಸಿ.ವಿ. ನೋಡಿ ಜರಡಿ ಹಿಡಿಯುತ್ತಾರೆ. ಐಐಎಂ ಸೇರಲು ಕ್ಯಾಟ್ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು. ಯಾವ ಪದವಿಯಾದರೂ ಸರಿ, ಸಾಮಾನ್ಯ ವರ್ಗಕ್ಕೆ ಶೇ 50 ಅಂಕ ಸಾಕು. ಆದರೆ ಬೆಂಗಳೂರಿನ ಐಐಎಂ ಸಂದರ್ಶನಕ್ಕೆ ಕರೆಯುವಾಗ ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಗಳನ್ನೂ ತೂಗುತ್ತದೆ. ಹದಿನೈದನೇ ವಯಸ್ಸಿನಲ್ಲಿ ಬರೆದ ಪರೀಕ್ಷೆ ಇಪ್ಪತ್ತೆರಡರಲ್ಲಿ ಬಂದು ಅಡ್ಡ ನಿಲ್ಲಬಹುದೆಂದು ಹಳ್ಳಿಯ ಹೈಸ್ಕೂಲಿನಲ್ಲಿ ಯಾರು ಹೇಳುತ್ತಾರೆ? ಪರೀಕ್ಷೆ ನಡೆಯುವುದು ಸಾಮಾನ್ಯವಾಗಿ ನವೆಂಬರ್ ಕೊನೆಯಲ್ಲಿ. ಅರೇಬಿಕಾ ಕೊಯ್ಲು ಬಿರುಸಾಗಿರುವ ಹೊತ್ತು ಅದೇ. ಆಳು ಸಿಗದ ಈ ಕಾಲದಲ್ಲಿ ಮನೆಯ ಪ್ರತಿಯೊಬ್ಬರೂ ತೋಟದಲ್ಲೋ ಪಲ್ಪರ್ ಬಳಿಯೋ ಇರುತ್ತಾರೆ. ಅದಕ್ಕೂ ಮೊದಲಿನ ತಯಾರಿಯ ತಿಂಗಳುಗಳು ಕಳಸದಲ್ಲಿ ಗಾಳಿಮಳೆಯ, ಕರೆಂಟ್ ಹೋಗುವ, ನೆಟ್‌ವರ್ಕ್ ಇಲ್ಲದ ತಿಂಗಳುಗಳು. ಆನ್‌ಲೈನ್ ಕೋಚಿಂಗ್ ಎಂಬುದು ಇಲ್ಲಿ ಅರ್ಧ ಸೌಲಭ್ಯ.

ಹಣದ ಭಯ ಇನ್ನೊಂದು. ಹಳೆಯ ಐಐಎಂಗಳಲ್ಲಿ ಎರಡು ವರ್ಷದ ಶುಲ್ಕ 20 ಲಕ್ಷ ರೂಪಾಯಿ ದಾಟುತ್ತದೆ ಎಂದು ಕೇಳಿದೊಡನೆ ಎರಡು ಎಕರೆಯ ಮನೆಯವರು ಹಿಂದೆ ಸರಿಯುತ್ತಾರೆ. ಸ್ಟೇಟ್ ಬ್ಯಾಂಕಿನ ಸ್ಕಾಲರ್ ಲೋನ್‌ನಂಥ ಯೋಜನೆಗಳಲ್ಲಿ ಇಂಥ ಸಂಸ್ಥೆಗಳಿಗೆ ಜಮೀನು ಅಡವಿಡದೆ ಸಾಲ ಸಿಗುತ್ತದೆ ಎಂಬ ಸಂಗತಿ ಅವರ ಕಿವಿಗೆ ಬಿದ್ದಿರುವುದಿಲ್ಲ. ಪ್ರತಿಭೆಯನ್ನು ಹುಡುಕುತ್ತೇವೆ ಎನ್ನುವ ಕಂಪನಿಗಳು ಹತ್ತಿಪ್ಪತ್ತು ಕ್ಯಾಂಪಸ್ಸುಗಳಾಚೆ ಕಣ್ಣೆತ್ತದಿರುವುದು ಅನ್ಯಾಯ. ಅವು ಬದಲಾಗಲಿ ಎಂದು ಕಾಯುತ್ತ ಕೂತರೆ ಒಂದು ತಲೆಮಾರು ಕಳೆದುಹೋಗುತ್ತದೆ.

ಪಕ್ಕದ ಬಾಗಿಲುಗಳೂ ಇವೆ, ಅವುಗಳ ಬಗ್ಗೆ ಮಾತು ಇನ್ನೂ ಕಡಿಮೆ. ಡೆಲಾಯ್ಟ್, ಇ.ವೈ., ಕೆಪಿಎಂಜಿ, ಅಕ್ಸೆಂಚರ್ ಬೆಂಗಳೂರಿನಲ್ಲಿ ದೊಡ್ಡ ಕಚೇರಿಗಳನ್ನಿಟ್ಟಿವೆ; ಬಿ.ಕಾಂ., ಸಿ.ಎ., ಎಂಜಿನಿಯರಿಂಗ್ ಓದಿದವರನ್ನು ತೆಗೆದುಕೊಳ್ಳುತ್ತವೆ. 2004ರಲ್ಲಿ ಬೂಜ್ ಅಲೆನ್ ಬಿಟ್ಟುಬಂದ ಧೀರಜ್ ರಾಜಾರಾಂ ಕಟ್ಟಿದ ಮು ಸಿಗ್ಮಾ, ಅಂಕಿ ಅಂಶಗಳ ವಿಶ್ಲೇಷಣೆಯನ್ನೇ ಉದ್ಯೋಗವಾಗಿಸಿ ಬೆಂಗಳೂರಿನಲ್ಲಿ ಸಾವಿರಾರು ಹೊಸ ಪದವೀಧರರನ್ನು ತರಬೇತುಗೊಳಿಸಿತು. ರಾಜ್ಯ ಸರ್ಕಾರದ್ದೇ ಆದ ಟೆಕ್ಸಾಕ್ 1976ರಿಂದ ಕೈಗಾರಿಕೆಗಳಿಗೆ ಯೋಜನಾ ವರದಿ, ಸಲಹೆ ಕೊಡುತ್ತ ಬಂದಿದೆ. ಮೂರನೇ ದಾರಿ ಮೊದಲು ಒಂದು ಉದ್ಯಮದಲ್ಲಿ ಬೇರೂರಿ ಆಮೇಲೆ ಸಲಹೆಗಾರರಾಗುವುದು. ಮೂಡಿಗೆರೆಯ ತೋಟಗಾರಿಕೆ ಕಾಲೇಜಿನಲ್ಲಿ ಓದಿ, ಕೆಲವು ವರ್ಷ ಸಾಂಬಾರ ಪದಾರ್ಥ ಅಥವಾ ಕಾಫಿ ರಫ್ತಿನ ಕಂಪನಿಯಲ್ಲಿ ದುಡಿದವರಿಗೆ ಕೃಷಿ ವ್ಯವಹಾರದ ಕನ್ಸಲ್ಟಿಂಗ್‌ನಲ್ಲಿ ಇರುವ ತೂಕ, ಪುಸ್ತಕ ಮಾತ್ರ ಓದಿ ಬಂದವರಿಗೆ ಇರುವುದಿಲ್ಲ.

ಹೊರಗೆ ಕಲಿತು ಊರಿನ ಬೆಳೆಗೆ ಮರಳುವ ದಾರಿಯೂ ಇದೆ, ಚಿಕ್ಕಮಗಳೂರಿನ ವಿ.ಜಿ. ಸಿದ್ಧಾರ್ಥ ಹಿಡಿದದ್ದು ಅದನ್ನೇ. ಕಾಫಿ ಬೆಳೆಗಾರರ ಮನೆಯ ಹುಡುಗ, ಮಂಗಳೂರಿನಲ್ಲಿ ಓದು ಮುಗಿಸಿ, 1980ರ ದಶಕದ ಮೊದಲರ್ಧದಲ್ಲಿ ಮುಂಬೈನ ಜೆ.ಎಂ. ಫೈನಾನ್ಶಿಯಲ್ ಸೇರಿ ಮಹೇಂದ್ರ ಕಂಪಾನಿಯವರ ಕೈಕೆಳಗೆ ಸುಮಾರು ಎರಡು ವರ್ಷ ಬಂಡವಾಳದ ವಿದ್ಯೆ ಕಲಿತರು. ಊರ ಕಡೆ ಮರಳಿದ ಮೇಲೆ ಆ ಕಲಿಕೆಯನ್ನು ಕಾಫಿಗೆ ಕೂಡಿಸಿದರು. ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ 1996ರಲ್ಲಿ ಕೆಫೆ ಕಾಫಿ ಡೇ ತೆರೆಯಿತು. ಸಾಲದ ಹೊರೆಯಲ್ಲಿ 2019ರಲ್ಲಿ ಅವರ ಬದುಕು ಮುಗಿದ ರೀತಿ ಈ ಜಿಲ್ಲೆಗೆ ಇನ್ನೂ ನೋವು. ಆದರೂ ತೋಟದ ಮನೆಯಿಂದ ಹೊರಟವರು ದೊಡ್ಡ ಊರಿನ ಒಳ್ಳೆಯ ಕಚೇರಿಯಲ್ಲಿ ಎರಡು ವರ್ಷ ಕಲಿತದ್ದು ಏನೆಲ್ಲ ಮಾಡಿಸಬಲ್ಲದು ಎಂಬುದನ್ನು ಅವರ ಮೊದಲ ವರ್ಷಗಳು ತೋರಿಸಿವೆ.

ಕೆಲಸ ಸಿಕ್ಕ ಮೇಲಿನ ಬದುಕಿನ ಬಗ್ಗೆ ಸುಳ್ಳು ಹೇಳಬಾರದು. ಮೊದಲ ಎರಡು ಮೂರು ವರ್ಷ ಅನಲಿಸ್ಟ್: ಅಂಕಿ ಕಲೆಹಾಕುವುದು, ಎಕ್ಸೆಲ್ ತಿದ್ದುವುದು, ನಡುರಾತ್ರಿವರೆಗೆ ಸ್ಲೈಡ್ ಮಾಡುವುದು. ವಾರದಲ್ಲಿ ನಾಲ್ಕು ದಿನ ಪರವೂರಿನ ಹೋಟೆಲು. ಆಮೇಲೆ ತಂಡ ನಡೆಸುವ ಹಂತ, ಅದರ ಮೇಲೆ ಗ್ರಾಹಕರನ್ನು ತಂದು ಉಳಿಸಿಕೊಳ್ಳುವ ಪಾರ್ಟ್‌ನರ್ ಹಂತ. ಗೊತ್ತಾದ ಅವಧಿಯಲ್ಲಿ ಮೇಲೇರದವರು ಹೊರಹೋಗಬೇಕು ಎಂಬ ರೂಢಿ ದೊಡ್ಡ ಕಂಪನಿಗಳಲ್ಲಿ ಇಂದಿಗೂ ಇದೆ. ಬಹಳ ಮಂದಿ ಐದಾರು ವರ್ಷಕ್ಕೆ ಬಿಟ್ಟು ಬೇರೆ ಕಂಪನಿಗಳಲ್ಲಿ ದೊಡ್ಡ ಹುದ್ದೆ ಹಿಡಿಯುತ್ತಾರೆ. ಅದು ಸೋಲಲ್ಲ, ಈ ವೃತ್ತಿಯ ನಡಿಗೆಯೇ ಹಾಗೆ.

ಇಷ್ಟಕ್ಕೂ ಸಲಹೆಯೆಂಬುದು ಜವಾಬ್ದಾರಿ. ಕನ್ನಡಿಗರಿಗೆ ಇದರಲ್ಲಿ ಮೇಲ್ಪಂಕ್ತಿ ಬೇಕಿದ್ದರೆ ಸರ್ ಎಂ. ವಿಶ್ವೇಶ್ವರಯ್ಯ ಇದ್ದಾರೆ. ಮುಂಬೈ ಸರ್ಕಾರದ ನೌಕರಿಯಿಂದ ಅವಧಿಗೆ ಮೊದಲೇ ಹೊರಬಂದಿದ್ದ ಅವರನ್ನು, 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಹೈದರಾಬಾದನ್ನು ಕೊಚ್ಚಿದ ಬಳಿಕ ನಿಜಾಮರ ಸರ್ಕಾರ ಸಲಹಾ ಎಂಜಿನಿಯರ್ ಆಗಿ ಕರೆಸಿಕೊಂಡಿತು. ಅವರು ಅಣೆಕಟ್ಟಿನ ನಕ್ಷೆಯಿಂದ ಶುರುಮಾಡಲಿಲ್ಲ. ಜಲಾನಯನದಲ್ಲಿ ಎಷ್ಟು ಕೆರೆಗಳಿವೆ, ಎಷ್ಟು ಒಡೆದವು ಎಂದು ಲೆಕ್ಕ ಹಾಕಿಸಿದರು: 788 ಕೆರೆಗಳಲ್ಲಿ 221 ಒಡೆದಿದ್ದವು. ಮಳೆಯ ಅಂಕಿಗಳನ್ನು ತರಿಸಿ ನೋಡಿದರು. ಆಮೇಲೆ ನಗರದ ಮೇಲ್ಭಾಗದಲ್ಲಿ ಜಲಾಶಯಗಳ ಸಲಹೆ ಕೊಟ್ಟರು. ಅದರಿಂದ ಬಂದದ್ದೇ ಉಸ್ಮಾನ್ ಸಾಗರ, ಹಿಮಾಯತ್ ಸಾಗರ. ಇದಕ್ಕೆ ವಿರುದ್ಧದ ಉದಾಹರಣೆಯೂ ಮುಂದಿದೆ. ಅಮೆರಿಕದಲ್ಲಿ ಪರ್ಡ್ಯೂ ಫಾರ್ಮಾದ ಚಟ ಹಿಡಿಸುವ ನೋವುಮಾತ್ರೆಯ ಮಾರಾಟ ಹೆಚ್ಚಿಸಲು ಸಲಹೆ ಕೊಟ್ಟ ಮೆಕಿನ್ಸೆ, 2021ರಲ್ಲಿ ಅಲ್ಲಿನ ರಾಜ್ಯಗಳಿಗೆ 57.3 ಕೋಟಿ ಡಾಲರ್, 2024ರ ಡಿಸೆಂಬರಿನಲ್ಲಿ ಅಲ್ಲಿನ ಕೇಂದ್ರ ಸರ್ಕಾರಕ್ಕೆ ಮತ್ತೆ 65 ಕೋಟಿ ಡಾಲರ್ ಕೊಟ್ಟು ಪ್ರಕರಣ ಇತ್ಯರ್ಥ ಮಾಡಿಕೊಳ್ಳಬೇಕಾಯಿತು. ಬುದ್ಧಿವಂತಿಕೆಗೆ ಅಲ್ಲಿ ಕೊರತೆಯಿರಲಿಲ್ಲ. ಈ ವೃತ್ತಿಗೆ ಹೋಗುವ ಮಕ್ಕಳಿಗೆ ಎರಡೂ ಕಥೆಗಳನ್ನು ಹೇಳಿಯೇ ಕಳುಹಿಸಬೇಕು.

ಈಗ ಕೃತಕ ಬುದ್ಧಿಮತ್ತೆ ಬಂದಿದೆ. ಮೆಕಿನ್ಸೆ 2023ರಲ್ಲೇ ಲಿಲಿ ಎಂಬ ತನ್ನದೇ ಸಾಧನವನ್ನು ಸಿಬ್ಬಂದಿಯ ಕೈಗಿತ್ತಿತು. ಹಳೆಯ ವರದಿಗಳನ್ನು ಜಾಲಾಡುವುದು, ಸ್ಲೈಡಿನ ಮೊದಲ ಕರಡು ತಯಾರಿಸುವುದು ಯಂತ್ರದ ಪಾಲಾಗುತ್ತಿದೆ. ಉಳಿಯುವುದು ಜಾಗಕ್ಕೆ ಹೋಗಿ ನೋಡುವ ಕೆಲಸ, ಮೇಸ್ತ್ರಿಯ ಬಾಯಿಂದ ನಿಜ ಹೊರಡಿಸುವ ಕೆಲಸ. ಹೊರನಾಡಿನ ದೇವಸ್ಥಾನಕ್ಕೆ ಬರುವ ಭಕ್ತರನ್ನೂ ಹೋಂಸ್ಟೇಗೆ ಬರುವ ಬೆಂಗಳೂರಿನವರನ್ನೂ ಒಂದೇ ದಿನ ಮಾತನಾಡಿಸಿ ಬೆಳೆದವರಿಗೆ ಇದು ಹೊಸದಲ್ಲ.

ಮತ್ತೆ, ಈ ಕಲಿಕೆ ಹೊರಗೆ ಹೋಗುವವರಿಗೆ ಮಾತ್ರ ಬೇಕಾದದ್ದಲ್ಲ. 1942ರ ಕಾಯ್ದೆಯಿಂದ ದಶಕಗಳ ಕಾಲ ಬೆಳೆಗಾರರು ತಮ್ಮ ಬೆಳೆಯನ್ನು ಕಾಫಿ ಮಂಡಳಿಯ ಪೂಲ್‌ಗೆ ಒಪ್ಪಿಸಬೇಕಿತ್ತು. ಯಾವಾಗ, ಯಾರಿಗೆ, ಎಷ್ಟಕ್ಕೆ ಮಾರಬೇಕೆಂಬ ಚಿಂತೆ ಅವರದಾಗಿರಲಿಲ್ಲ. 1990ರ ದಶಕದ ನಡುವೆ ಆ ವ್ಯವಸ್ಥೆ ಕಳಚಿತು. ಅಲ್ಲಿಂದಾಚೆಗೆ ನ್ಯೂಯಾರ್ಕಿನ ಅರೇಬಿಕಾ ದರ, ಲಂಡನ್ನಿನ ರೋಬಸ್ಟಾ ದರ, ಡಾಲರ್ ಬೆಲೆ ಎಲ್ಲವನ್ನೂ ನೋಡಿ ಎರಡು ಎಕರೆಯವರೂ ಸ್ವಂತ ತೀರ್ಮಾನ ತೆಗೆದುಕೊಳ್ಳಬೇಕಾಗಿದೆ. 2000ದ ನಂತರದ ಬೆಲೆ ಕುಸಿತದಲ್ಲಿ ಸಾಲಕ್ಕೆ ಸಿಕ್ಕಿ ನರಳಿದವರು ಈ ಕಡೆ ಎಷ್ಟೋ ಮಂದಿ. ದೇಶದ ಕಾಫಿ ಹಿಡುವಳಿಗಳಲ್ಲಿ ಶೇ 98ಕ್ಕೂ ಹೆಚ್ಚು ಹತ್ತು ಹೆಕ್ಟೇರಿಗಿಂತ ಚಿಕ್ಕವು. ವಿಸಿಟಿಂಗ್ ಏಜೆಂಟ್ ಬರುವುದು ದೊಡ್ಡ ಎಸ್ಟೇಟಿಗೆ, ಇವರ ಮನೆಗಲ್ಲ. ಗಿಡದ ರೋಗಕ್ಕೆ 1925ರಿಂದ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರವಿದೆ, ಕಾಫಿ ಮಂಡಳಿಯ ಲಿಯಾಸನ್ ಅಧಿಕಾರಿಗಳಿದ್ದಾರೆ. ಲೆಕ್ಕದ ಪುಸ್ತಕದ ರೋಗಕ್ಕೆ ಯಾರಿದ್ದಾರೆ? ಐದು ವರ್ಷ ಕನ್ಸಲ್ಟಿಂಗ್ ಕಲಿತವರೊಬ್ಬರು ಊರಿಗೆ ಮರಳಿ ನೂರು ಸಣ್ಣ ಬೆಳೆಗಾರರನ್ನು ಒಂದು ಉತ್ಪಾದಕರ ಕಂಪನಿಯಾಗಿ ಕಟ್ಟಿದರೆ ಅದೂ ಕನ್ಸಲ್ಟಿಂಗೇ. ಅದರ ಬೆಲೆ ಗುರುಗ್ರಾಮದ ಕೆಲಸಕ್ಕಿಂತ ಕಡಿಮೆಯಲ್ಲ.

ಮಾಡಬೇಕಾದದ್ದು ದೊಡ್ಡ ಯೋಜನೆಯೇನಲ್ಲ. ಮೂಡಿಗೆರೆ, ಕಳಸ, ಚಿಕ್ಕಮಗಳೂರಿನ ಪದವಿ ಕಾಲೇಜುಗಳು ಎರಡನೇ ವರ್ಷದಿಂದಲೇ ವಾರಕ್ಕೊಮ್ಮೆ ಒಂದು ಕೋಣೆ ತೆರೆಯಲಿ. ಇಬ್ಬಿಬ್ಬರು ಎದುರುಬದುರು ಕೂತು ಒಬ್ಬರು ಪ್ರಶ್ನೆ ಕೇಳಲಿ, ಇನ್ನೊಬ್ಬರು ಬಿಡಿಸಲಿ. ಮೊದಲು ಕನ್ನಡದಲ್ಲಿ ಯೋಚಿಸಿ ಹೇಳಲಿ, ಅದನ್ನೇ ಆಮೇಲೆ ಇಂಗ್ಲಿಷಿನಲ್ಲಿ ಹೇಳಲಿ. ಕ್ಯಾಟ್ ಅರ್ಜಿ ಹಾಕುವುದು, ಸಾಲದ ಕಾಗದ ಪತ್ರ ಹೊಂದಿಸುವುದಕ್ಕೆ ಒಬ್ಬ ಅಧ್ಯಾಪಕರು ಹೊಣೆ ಹೊರಲಿ. ಬೆಂಗಳೂರಿನ ಇಂಥ ಕಚೇರಿಗಳಲ್ಲಿ ಈಗಾಗಲೇ ಇರುವ ಮಲೆನಾಡಿನವರು ತಿಂಗಳಿಗೊಂದು ಸಂಜೆ ಫೋನಿನಲ್ಲಿ ಸಿಕ್ಕರೂ ಸಾಕು, ಕೇಸ್ ಅಭ್ಯಾಸ ಮಾಡಿಸಬಹುದು.

ಇನ್ನು ತೋಟದ ಮಾಲೀಕರಲ್ಲಿ, ಬೆಳೆಗಾರರ ಸಂಘಗಳಲ್ಲಿ ಒಂದು ಕೋರಿಕೆ. ಮಕ್ಕಳಿಗೆ ಅಭ್ಯಾಸಕ್ಕೆ ನಿಜವಾದ ಲೆಕ್ಕ ಬೇಕು. ನಿಮ್ಮ ಕಳೆದ ಮೂರು ವರ್ಷದ ಚೆಕ್‌ರೋಲ್, ಗೊಬ್ಬರದ ಬಿಲ್ಲು, ಮಾರಾಟದ ಚೀಟಿಗಳನ್ನು ಹೆಸರು ಅಳಿಸಿ ಹತ್ತಿರದ ಕಾಲೇಜಿಗೆ ಕೊಡಿ. ವಿದ್ಯಾರ್ಥಿಗಳು ಬರೆದ ವರದಿಯನ್ನು ಓದಿ, ತಪ್ಪಿದ್ದಲ್ಲಿ ತಿದ್ದಿ ಹೇಳಿ. ಬರುವ ಮಳೆಗಾಲದಲ್ಲೇ ಇದನ್ನು ಶುರುಮಾಡಬಹುದು.